ಕಿವಿಯಮ್ಮ ಎಳೆದ ಕೆಂಪು ಹಗ್ಗ

ನಮ್ಮ ಅತ್ತಿಗೆ ಕೆಲಸದಿಂದ ನಿವೃತ್ತರಾದ ದಿನ ಲಾಂಡ್ರಿಯವರು ಅವರಿಗೊಂದು ಮರದ ಹಲಗೆ ಕೊಟ್ಟರು. ಹಲಗೆಯ ಮೇಲೆ ಹಿತ್ತಾಳೆ ತಗಡು, ತಗಡಿನ ಮೇಲೆ ಬರಹ: ‘ಹತ್ತೊಂಬತ್ತು ವರ್ಷ ಸದ್ದಿಲ್ಲದೆ ದುಡಿದವರಿಗೆ’. ಅದಾಗಿ ಮೂರು ವರ್ಷ. ಇವತ್ತಿಗೂ ಅಣ್ಣನ ಮನೆಗೆ ಹೋಗಿ ಗೋಡೆಯ ಮೇಲೆ ಅದನ್ನು ಕಂಡರೆ ನನ್ನ ಪಿತ್ತ ನೆತ್ತಿಗೇರುತ್ತದೆ. ಸದ್ದಿಲ್ಲದೆ ಅಂತೆ! ಅಷ್ಟು ದೊಡ್ಡ ಗದ್ದಲದಲ್ಲಿ ಯಾವ ಸದ್ದು ಯಾವುದು ಅಂತ ಹೇಳಬಲ್ಲವರು ಅವರೊಬ್ಬರೇ ಇದ್ದರು. ಆ ಕಿವಿಯಿಂದಾಗಿ ಒಬ್ಬನ ತೋಳು ಉಳಿಯಿತು. ತಗಡಿನಲ್ಲಿ ಅದಕ್ಕೆ ಒಂದಕ್ಷರ ಜಾಗವಿಲ್ಲ.

ಸಮಾರಂಭದ ದಿನವೇ ನಾನು ಎದ್ದು ನಿಂತು ಕೂಗಿದೆ. “ಯಾರ್ರೀ ಇದನ್ನ ಬರೆದದ್ದು? ಅವರೇನು ಬೆಕ್ಕಾ, ಸದ್ದಿಲ್ಲದೆ ಓಡಾಡ್ಕೊಂಡಿರಕ್ಕೆ?”

ಮ್ಯಾನೇಜರು ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟರು. ಅತ್ತಿಗೆ ಮಾತ್ರ ಕುರ್ಚಿಯಲ್ಲಿ ಕೂತಲ್ಲಿಂದಲೇ ಕೈ ಬೀಸಿ, “ಕೂತ್ಕೋ ಮಾರಾಯ. ನಿನ್ನ ಸದ್ದೇ ಸಾಕು, ಇಬ್ಬರಿಗೂ ಆಗತ್ತೆ,” ಅಂದರು. ಎಲ್ಲರೂ ನಕ್ಕರು. ನಾನೂ ಕೂತೆ. ಆದರೆ ಹೊಟ್ಟೆಯೊಳಗಿನ ಉರಿ ಕೂರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ನಾನು ಏಳನೆಯ ಕ್ಲಾಸಿಗೆ ಶಾಲೆಗೆ ಕೈಮುಗಿದವನು. ತಪ್ಪುಒಪ್ಪು ಇದ್ದರೆ ಓದುವವರು ತಿದ್ದಿಕೊಳ್ಳಲಿ.

ಮೊದಲು ನಮ್ಮ ಜಾಗ ಹೇಗಿತ್ತು ಅಂತ ಹೇಳಬೇಕು. ನಮ್ಮದು ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಉದ್ದನೆಯ ಒಂದೇ ಹಾಲು, ತಗಡಿನ ಮಾಡು. ಒಂದು ತುದಿಯಲ್ಲಿ ಒಗೆಯುವ ಯಂತ್ರಗಳು, ಅದರ ಪಕ್ಕ ಒದ್ದೆ ಬಟ್ಟೆಯನ್ನು ಗಿರಗಿರ ಸುತ್ತಿಸಿ ನೀರು ಹಿಂಡುವ ಡ್ರಮ್ಮು. ಗೋಡೆಯಲ್ಲಿ ಆವಿಯನ್ನು ಹೊರಗೆ ದೂಡುವ ಬ್ಲೋವರು, ಅಂದರೆ ದೊಡ್ಡ ಫ್ಯಾನು. ನಡುವೆ ರೋಲರು. ರೋಲರು ಅಂದರೆ ಹದಿನಾಲ್ಕು ಅಡಿ ಉದ್ದದ ಉರುಳೆ. ಅದರ ಕೆಳಗೆ ಆವಿಯಿಂದ ಕಾದ ಕಬ್ಬಿಣದ ಹಾಸು. ಈ ಕಡೆಯಿಂದ ಒದ್ದೆ ಶೀಟು ಕೊಟ್ಟರೆ ಆ ಕಡೆಯಿಂದ ಗರಿಗರಿಯಾಗಿ ಹೊರಬರುತ್ತದೆ. ಆ ಕಡೆ ಇಬ್ಬರು ಹೆಂಗಸರು ಹಿಡಿದು ಮಡಚಬೇಕು. ಎರಡೂ ಕಡೆ ತಲೆಯ ಎತ್ತರದಲ್ಲಿ ಉದ್ದಕ್ಕೂ ಒಂದು ಕೆಂಪು ಹಗ್ಗ. ಎಳೆದರೆ ಉರುಳೆ ನಿಂತು ಅರ್ಧ ಗೇಣು ಮೇಲೇಳುತ್ತದೆ. ಆದರೆ ಒಳಗಿದ್ದ ಶೀಟುಗಳು ಕಾದ ಹಾಸಿನ ಮೇಲೆಯೇ ಬಿದ್ದಿರುತ್ತವಲ್ಲ, ಅವು ಕಂದುಬಣ್ಣಕ್ಕೆ ತಿರುಗಿ ಹಾಳಾಗುತ್ತವೆ. ಅದಕ್ಕೇ ಹಗ್ಗ ಎಳೆದವರ ವಿಷಯ ಒಂದು ಪುಸ್ತಕದಲ್ಲಿ ಬರೆಯಬೇಕಿತ್ತು: ಯಾವ ದಿನ, ಯಾರು, ಏನು ಕಾರಣ. ಬರೆಯುವವನು ರೋಲರಿನ ಮೇಸ್ತ್ರಿ. ಮೇಸ್ತ್ರಿ ನಾನು.

ನನ್ನ ಬಾಯಿಯ ಬಗ್ಗೆಯೂ ಹೇಳಿಬಿಡುತ್ತೇನೆ. ನನ್ನನ್ನು ಎಲ್ಲರೂ ಗುಡುಗು ಮೇಸ್ತ್ರಿ ಅನ್ನುತ್ತಿದ್ದರು. ಶೀಟು ಸೊಟ್ಟ ಬಂದರೆ ಕೂಗುತ್ತಿದ್ದೆ, ನೆಟ್ಟಗೆ ಬಂದರೆ ನಿಧಾನವಾಯಿತು ಅಂತ ಕೂಗುತ್ತಿದ್ದೆ. ಅಷ್ಟು ಗದ್ದಲದಲ್ಲಿ ಮೆಲ್ಲಗೆ ಮಾತಾಡಿದರೆ ಯಾರ ಕಿವಿಗೆ ಬೀಳುತ್ತದೆ ಅನ್ನುವುದು ನನ್ನ ವಾದ. ನನ್ನ ಕೂಗು ಅಲ್ಲಿನವರಿಗೆ ಯಂತ್ರಗಳ ಸದ್ದಿನ ಜೊತೆ ಇನ್ನೊಂದು ಸದ್ದು, ಅಷ್ಟೇ.

ಅತ್ತಿಗೆ ಅಲ್ಲಿಗೆ ಬಂದದ್ದು ಅಣ್ಣನ ಕಿವಿ ಹೋದ ಮೇಲೆ. ಅಣ್ಣ ಅದೇ ಲಾಂಡ್ರಿಯ ಬಾಯ್ಲರ್ ಕೋಣೆಯಲ್ಲಿ ಇಪ್ಪತ್ತು ವರ್ಷ ನಿಂತು ಎರಡೂ ಕಿವಿ ಕಳೆದುಕೊಂಡಿದ್ದ. ಮೀಟರಿನ ಎಚ್ಚರಿಕೆ ಗಂಟೆ ಕೇಳದವನನ್ನು ಬಾಯ್ಲರ್ ಹತ್ತಿರ ಬಿಡುವುದಿಲ್ಲ ಅಂತ ಮನೆಗೆ ಕಳಿಸಿದರು. ಅತ್ತಿಗೆ ಅದಕ್ಕೂ ಮೊದಲು ಹನ್ನೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವರು. ಆ ವಾರ್ಡು ಮುಚ್ಚಿತ್ತು. ಈಗ ಅವರ ದುಡಿಮೆಯೊಂದೇ ಮನೆಗೆ ಆಧಾರ. ಅಣ್ಣ ಅದಕ್ಕೂ ತಮಾಷೆ ಮಾಡುತ್ತಿದ್ದ: “ನಮ್ಮನೇಲಿ ಉಳಿದಿರೋದು ಒಂದೇ ಜೊತೆ ಕಿವಿ ಕಣಯ್ಯ. ಅದರಲ್ಲೇ ಸಂಸಾರ ನಡೀಬೇಕು.”

ವಾರ್ಡಿನಲ್ಲಿ ಅವರು ಕಲಿತದ್ದು ಯಾವ ಶಾಲೆಯೂ ಕಲಿಸದ ವಿದ್ಯೆ. ಒಂದೇ ಸಾಲಿನಲ್ಲಿ ಹತ್ತು ಮಂಚ, ಹತ್ತು ಹೆಂಗಸರೂ ಕೂಗುತ್ತಿರುತ್ತಾರೆ. ಯಾರ ಹತ್ತಿರ ಮೊದಲು ಓಡಬೇಕು? ಜೋರಾಗಿ ಕೂಗಿದವಳ ಹತ್ತಿರ ಅಂತ ಹೊಸಬರು ಓಡುತ್ತಾರಂತೆ. ಅತ್ತಿಗೆ ನಗುತ್ತಿದ್ದರು: “ಜೋರಾಗಿ ಕೂಗೋಳಿಗೆ ಇನ್ನೂ ಉಸಿರಿದೆ ಅಂತ ಅರ್ಥ. ಅವಳು ಗಂಡನ್ನ ಬೈತಿರ್ತಾಳೆ. ಕೇಳಬೇಕಾದದ್ದು ಬೇರೆ.”

ಅವರು ಕೆಲಸಕ್ಕೆ ಸೇರಿ ಮೂರನೆಯ ವರ್ಷ. ಒಂದು ದಿನ ಊಟದ ಹೊತ್ತಿಗೆ ಸ್ವಲ್ಪ ಮೊದಲು, ರೋಲರು ತುಂಬ ಶೀಟುಗಳಿರುವಾಗ ಇದ್ದಕ್ಕಿದ್ದಂತೆ ಉರುಳೆ ನಿಂತಿತು. ನಾನು ತಿರುಗಿ ನೋಡಿದರೆ ಅತ್ತಿಗೆ ಹಗ್ಗ ಎಳೆದು ಹಿಂಡುವ ಡ್ರಮ್ಮಿನ ಕಡೆ ಓಡುತ್ತಿದ್ದಾರೆ.

“ಯಾರೋ ಕಿರುಚಿದ್ರು! ಡ್ರಮ್ಮಿನ ಹತ್ರ!”

ಅಲ್ಲಿ ಯಾರೂ ಇರಲಿಲ್ಲ. ಡ್ರಮ್ಮು ತನ್ನ ಪಾಡಿಗೆ ಸುತ್ತುತ್ತಿತ್ತು, ಅದರ ಬೇರಿಂಗು ಎಣ್ಣೆ ಒಣಗಿ ಅರಚುತ್ತಿತ್ತು. ಈ ಕಡೆ ಶೀಟುಗಳು ಸುಟ್ಟ ವಾಸನೆ. ಅತ್ತಿಗೆಯ ಜೊತೆ ಮಡಚುತ್ತಿದ್ದ ಹೆಂಗಸು, ನಾವು ಉದ್ದಜಡೆ ಅಂತ ಕರೆಯುತ್ತಿದ್ದವಳು, ಸೆರಗು ಬಾಯಿಗೊತ್ತಿಕೊಂಡು, “ಅಯ್ಯೋ ಕಿವಿಯಮ್ಮ, ಡ್ರಮ್ಮಿಗೆ ಹೆರಿಗೆ ನೋವು ಬಂದಿದೆ, ಓಡಿ!” ಅಂದಳು. ಆವತ್ತಿನಿಂದ ಅತ್ತಿಗೆಗೆ ಕಿವಿಯಮ್ಮ ಅನ್ನುವ ಹೆಸರು ಅಂಟಿತು.

ಮ್ಯಾನೇಜರು ಬಂದರು. “ಏನು ಕಾರಣ ಮೇಸ್ತ್ರಿ?”

ಇಲ್ಲಿ ನಾನು ಮುಚ್ಚಿಡದೆ ಹೇಳಬೇಕು. ಡ್ರಮ್ಮಿನ ಬೇರಿಂಗಿಗೆ ವಾರಕ್ಕೊಮ್ಮೆ ಎಣ್ಣೆ ಹಾಕುವ ಕೆಲಸ ನನ್ನದು. ಎರಡು ವಾರದಿಂದ ಹಾಕಿರಲಿಲ್ಲ. ಮರೆತದ್ದಲ್ಲ, ನಾಳೆ ನೋಡಿದರಾಯಿತು ಅಂತ ಬಿಟ್ಟದ್ದು. ಮ್ಯಾನೇಜರ ಮುಂದೆ ನಾನು ಪೆನ್ನು ತೆಗೆದು ಪುಸ್ತಕದಲ್ಲಿ ಬರೆದೆ: ‘ಕಾರಣವಿಲ್ಲದೆ ಹಗ್ಗ ಎಳೆದದ್ದು.’ ಮ್ಯಾನೇಜರು ಓದಿ, ಅತ್ತಿಗೆಯ ಕಡೆ ನೋಡಿ, “ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಇಟ್ಕೊಳ್ಳೋದು ಕಷ್ಟ,” ಅಂದು ಹೋದರು.

ಅತ್ತಿಗೆ ಪುಸ್ತಕದ ಹತ್ತಿರ ಬಂದು ಆ ಸಾಲನ್ನು ಬೆರಳಿಟ್ಟು ಓದಿದರು. “ಕಾರಣ ಇತ್ತಲ್ಲೋ,” ಅಂದರು. “ಅದು ಕಿರುಚಿದ ಹಾಗೇ ಇತ್ತು. ಎಣ್ಣೆ ಇಲ್ಲದ್ದು ಕಾರಣ ಅಲ್ವಾ?”

“ನಿಮಗೆ ಯಂತ್ರಕ್ಕೂ ಮನುಷ್ಯರಿಗೂ ವ್ಯತ್ಯಾಸ ಗೊತ್ತಾಗಲ್ವಾ ಅತ್ತಿಗೆ?” ಅಂತ ನಾನು ಎಗರಿದೆ. ತಪ್ಪು ನನ್ನದಾದಾಗ ನನ್ನ ದನಿ ಇನ್ನೂ ಒಂದು ಮೆಟ್ಟಿಲು ಏರುತ್ತದೆ. ಅವರು ಮಡಚುವ ಮೇಜಿಗೆ ವಾಪಸು ಹೋದರು.

ಅದಾದ ಮೇಲೆ ನನಗೆ ಒಳಗೊಳಗೇ ಮುಜುಗರ. ಒಂದು ದಿನ ಟೀ ಹೊತ್ತಿನಲ್ಲಿ ಅವರ ಪಕ್ಕ ಕೂತು ಕೇಳಿದೆ: “ಅಲ್ಲ ಅತ್ತಿಗೆ, ಇಷ್ಟು ಗದ್ದಲದಲ್ಲಿ ನಿಮಗೆ ಅದು ಕೇಳಿದ್ದಾದರೂ ಹೇಗೆ? ಡ್ರಮ್ಮಿಗಿಂತ ಬ್ಲೋವರೇ ಜೋರು.”

ಅವರು ನನ್ನ ಕೈ ಹಿಡಿದು ಮೇಜಿನ ಮೇಲಿದ್ದ ಇಸ್ತ್ರಿಯಾದ ಶೀಟಿನ ಮೇಲೆ ಸವರಿಸಿದರು. “ಹೇಗಿದೆ?”

“ನುಣ್ಣಗಿದೆ.”

ಆಮೇಲೆ ಕೊಳೆಬಟ್ಟೆ ತುಂಬುವ ಗೋಣಿಚೀಲದ ಮೇಲೆ ಸವರಿಸಿದರು. “ಇದು?”

“ತರಿತರಿ.”

“ಅಷ್ಟೇ ಕಣೋ. ಕೂಗು ಅಂದ್ರೆ ಶೀಟು. ಎಷ್ಟು ಜೋರಾದ್ರೂ ನುಣ್ಣಗೇ ಇರತ್ತೆ. ಕಿರುಚು ಅಂದ್ರೆ ಗೋಣಿ. ಮೆಲ್ಲಗಿದ್ರೂ ಚುಚ್ಚತ್ತೆ. ನೀನು ಜೋರು ನೋಡ್ತೀಯ, ನಾನು ಮೇಲ್ಮೈ ನೋಡ್ತೀನಿ. ಒಣಗಿದ ಬೇರಿಂಗೂ ಗೋಣಿನೇ. ಅದಕ್ಕೇ ಎಳೆದೆ.”

“ನನ್ನ ಕೂಗು?”

“ನಿಂದು? ಡಬಲ್ ಬೆಡ್ ಶೀಟು. ಉದ್ದ, ಅಗಲ, ಒಂದು ಸುಕ್ಕಿಲ್ಲ.”

ಅದನ್ನು ಕೇಳಿ ಉದ್ದಜಡೆ ಟೀ ಉಗುಳಿದಳು. ನಾನು ಮುಖ ಗಂಟಿಕ್ಕಿಕೊಂಡು ಎದ್ದು ಹೋದೆ.

ಮರುವರ್ಷ ಅದು ನಡೆಯಿತು. ಬೆಳಿಗ್ಗೆ ಹನ್ನೊಂದರ ಸುಮಾರು. ಒದ್ದೆ ಶೀಟು ಕೊಡುವ ಕಡೆ, ಉರುಳೆಯ ಬಾಯಿಗೆ ಅಡ್ಡವಾಗಿ ಒಂದು ಪಟ್ಟಿ ಇರುತ್ತದೆ. ಬೆರಳು ಒಳಗೆ ಹೋಗದ ಹಾಗೆ ಕಾಯುವುದಕ್ಕೆ. ಶೀಟು ಸುಕ್ಕಾದಾಗ ಆ ಪಟ್ಟಿ ಎತ್ತಿ ಕೈಯಿಂದ ನೇರ ಮಾಡಬಾರದು, ರೋಲರು ನಿಲ್ಲಿಸಿಯೇ ಮಾಡಬೇಕು ಅಂತ ನಾನೇ ಎಲ್ಲರಿಗೂ ದಿನಕ್ಕೆ ಹತ್ತು ಸಲ ಬೈದು ಹೇಳುತ್ತಿದ್ದೆ. ನಾನು ಮಾತ್ರ ಎತ್ತುತ್ತಿದ್ದೆ. ಮೇಸ್ತ್ರಿಯ ಕೈಗೆ ಏನಾಗುತ್ತದೆ ಅನ್ನುವ ಧಿಮಾಕು. ಆವತ್ತು ಎತ್ತಿದೆ. ಒದ್ದೆ ಶೀಟಿನ ಅಂಚು ಬಲಗೈ ಬೆರಳಿಗೆ ಸುತ್ತಿಕೊಂಡು ಕೈಯನ್ನು ಒಳಗೆ ಎಳೆಯಿತು.

ಹಗ್ಗ ನನ್ನ ತಲೆಯ ಮೇಲೇ ಇತ್ತು. ನನ್ನ ಎಡಗೈಗೆ ಎಟುಕಲಿಲ್ಲ, ಮೈ ಬಗ್ಗಿಹೋಗಿತ್ತು. ಎಲ್ಲಿಂದಲೋ ಒಂದು ಸದ್ದು ಬಂತು. ಅದು ನನ್ನ ಗಂಟಲಿನಿಂದಲೇ ಬಂದದ್ದು ಅಂತ ಆಮೇಲೆ ಬೇರೆಯವರು ಹೇಳಿದ ಮೇಲೆ ಗೊತ್ತಾಯಿತು.

ನಾಚಿಕೆಯ ಮಾತು ಮುಂದಿದೆ. ಆ ಹಾಲಿನಲ್ಲಿ ಇಪ್ಪತ್ತೆರಡು ಜನರಿದ್ದರು. ಎಲ್ಲರ ಕಿವಿಗೂ ನನ್ನ ದನಿ ಬಿತ್ತು. ಒಬ್ಬರೂ ತಿರುಗಲಿಲ್ಲ. ಒಗೆಯುವ ಕಡೆಯವನು ಬಟ್ಟೆ ತುಂಬುವುದನ್ನು ನಿಲ್ಲಿಸಲಿಲ್ಲ. ಉದ್ದಜಡೆ ಅತ್ತಿಗೆಗೆ ಹೇಳಿದ್ದು ಇದು, ಅವಳೇ ಆಮೇಲೆ ಅಳುತ್ತ ನನ್ನ ಮುಂದೆ ಒಪ್ಪಿಕೊಂಡಳು: “ನೋಡಿ, ನಿಮ್ಮ ಮೈದುನನ ರೇಡಿಯೋ ಶುರುವಾಯ್ತು.” ಅವರದೇನೂ ತಪ್ಪಿಲ್ಲ. ವರ್ಷಗಟ್ಟಲೆ ದಿನವಿಡೀ ಬೊಬ್ಬೆ ಹೊಡೆದು, ನನ್ನ ದನಿ ಕೇಳಿದರೆ ತಿರುಗಬೇಕಿಲ್ಲ ಅಂತ ಅವರಿಗೆ ಕಲಿಸಿದವನು ನಾನೇ.

ಉದ್ದಜಡೆಯ ಬಾಯಿಂದ ಆ ಮಾತು ಮುಗಿಯುವಷ್ಟರಲ್ಲಿ ಹಗ್ಗ ಎಳೆದಾಗಿತ್ತು. ಎಳೆದವರು ಅತ್ತಿಗೆ. ಅವರು ಮಡಚುವ ಕಡೆಯ ಹಗ್ಗದ ಕೆಳಗೆ, ನನ್ನ ಕಡೆ ಬೆನ್ನು ಮಾಡಿ ನಿಂತಿದ್ದರು. ನಡುವೆ ಉರುಳೆ, ಆವಿ, ಬ್ಲೋವರು. ನನ್ನನ್ನು ಅವರು ನೋಡಿಯೇ ಇರಲಿಲ್ಲ. ಇನ್ನೊಂದು ಸಲ ತಪ್ಪಿದರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಕಿವಿ ಕೇಳದ ಗಂಡ ಇದ್ದಾನೆ ಅನ್ನುವುದು ಅವರಿಗೆ ಗೊತ್ತಿತ್ತು. ಒಂದು ಕ್ಷಣ ಯೋಚಿಸಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಅವರು ಆ ಕ್ಷಣವನ್ನು ತೆಗೆದುಕೊಳ್ಳಲೇ ಇಲ್ಲ.

ಎರಡು ಬೆರಳು ಹೋದವು. ಕೈ ಉಳಿಯಿತು. ಬಾಯಲ್ಲಿ ಹತ್ತು ಎಣಿಸುವಷ್ಟು ತಡವಾಗಿದ್ದರೆ ಮೊಣಕೈವರೆಗೆ ಏನೂ ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರು. ಅತ್ತಿಗೆ ಆಸ್ಪತ್ರೆಯ ಮಂಚದ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದರು.

“ನನ್ನ ದನಿ ಅಂತ ನಿಮಗೆ ಹೇಗೆ ಗೊತ್ತಾಯ್ತು?” ಅಂದೆ.

“ಗೊತ್ತಾಗ್ಲಿಲ್ಲ. ಯಾರೋ ಅಂತ ಎಳೆದೆ. ನಿಂದು ಅಂತ ಆಮೇಲೆ ತಿಳೀತು. ಗೋಣಿ ಆಗಿತ್ತು ಕಣೋ,” ಅಂದು ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ತಿಂಗಳಾದ ಮೇಲೆ ಕಾಲೇಜಿನಿಂದ ಒಬ್ಬ ಮೇಡಂ ಬಂದರು. ಅಪಘಾತದ ನಂತರ ಹಾಲಿನ ಸದ್ದು ಅಳೆಯಬೇಕು, ಎಚ್ಚರಿಕೆ ಗಂಟೆ ಕೂರಿಸಬೇಕು ಅಂತ ಮೇಲಿನಿಂದ ಆದೇಶವಾಗಿತ್ತು. ನಾನೂ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಬಂದು ಕೂತಿದ್ದೆ. ಮೇಡಂ ಮೀಟರು ಹಿಡಿದು ಮೂಲೆ ಮೂಲೆ ಓಡಾಡಿ ತಲೆ ಕೆರೆದುಕೊಂಡರು. “ಈ ಗದ್ದಲದಲ್ಲಿ ಇವರು ಕಿರುಚಿದ್ದು ಮುಚ್ಚಿಹೋಗಬೇಕಿತ್ತು. ಕೇಳಿದ್ದು ಯಾರಿಗೆ?”

ಎಲ್ಲರೂ ಸೇರಿ ಅತ್ತಿಗೆಯನ್ನು ಮುಂದಕ್ಕೆ ತಳ್ಳಿದರು. ಅತ್ತಿಗೆ ಅವರ ಕೈಯನ್ನೂ ಹಿಡಿದು ಶೀಟಿನ ಮೇಲೊಮ್ಮೆ, ಗೋಣಿಯ ಮೇಲೊಮ್ಮೆ ಸವರಿಸಿದರು. ಮೇಡಂ ಗೋಣಿಯ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತುಬಿಟ್ಟರು.

“ನಾವು ಇದಕ್ಕೆ ಒರಟುತನ ಅಂತಲೇ ಅಂತೀವಿ,” ಅಂದರು. ಅವರು ವಿವರಿಸಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಮಾತಿನಲ್ಲಿ ದನಿಯ ಏರಿಳಿತ ಸೆಕೆಂಡಿಗೆ ನಾಲ್ಕೈದು ಸಲ. ನಿಜವಾಗಿ ಕಿರುಚಿದಾಗ ದನಿಯ ಬಲ ಸೆಕೆಂಡಿಗೆ ಮೂವತ್ತರಿಂದ ನೂರೈವತ್ತು ಸಲ ಏರಿ ಇಳಿಯುತ್ತದೆ. ಅಷ್ಟನ್ನು ಕಿವಿ ಎಣಿಸಲಾರದು. ಎಲ್ಲ ಸೇರಿ ತರಿತರಿಯಾಗಿ ತಾಕುತ್ತದೆ. ಆ ತರಿ ತಲೆಯೊಳಗೆ ಹೆದರಿಕೆ ಕೂತಿರುವ ಜಾಗವನ್ನೇ ಹೋಗಿ ತಟ್ಟುತ್ತದೆ. ಎಚ್ಚರಿಕೆಯ ಹಾರನ್‌ಗಳಲ್ಲೂ ಅದೇ ತರಿ ಇರುತ್ತದಂತೆ. ಉಳಿದವರಿಗೂ ಅದು ತಾಕಿರುತ್ತದೆ, ಆದರೆ ‘ಇದು ಮೇಸ್ತ್ರಿಯ ದನಿ’ ಅನ್ನುವ ಅಭ್ಯಾಸ ಅದರ ಮೇಲೆ ಮುಚ್ಚಳ ಹಾಕಿತು ಅಂದರು.

ಮೇಡಂ ಮರುದಿನ ಒಂದು ಪೆಟ್ಟಿಗೆ ತಂದು ಊಟದ ಕೋಣೆಯಲ್ಲಿಟ್ಟು ನಲವತ್ತು ಸದ್ದು ಕೇಳಿಸಿದರು. ಕೂಗು, ಕಿರುಚು, ಬೇರಿಂಗು, ಹಾರನ್ನು, ಮಗು, ಆಟದ ಮೈದಾನ. ಹಿಂದಿನಿಂದ ಬ್ಲೋವರಿನ ಸದ್ದು ಬೇರೆ. ಯಾವುದು ನುಣ್ಣಗೆ, ಯಾವುದು ತರಿ ಅಂತ ನಾವು ಹೇಳಬೇಕು. ನಾವೆಲ್ಲ ಹದಿನೈದು ಇಪ್ಪತ್ತಕ್ಕೆ ಮುಗ್ಗರಿಸಿದೆವು. ಅತ್ತಿಗೆ ಕಣ್ಣು ಮುಚ್ಚಿ, ಶೀಟು, ಗೋಣಿ, ಗೋಣಿ, ಶೀಟು ಅಂತ ತರಕಾರಿ ಆರಿಸುವ ಹಾಗೆ ಹೇಳುತ್ತಾ ಹೋದರು. ಒಂದರಲ್ಲಿ ಮಾತ್ರ ತಡೆದರು. “ಇದು ಗೋಣಿನೇ. ಆದ್ರೆ ಹೆದರಿಕೆನೋ ಸಂತೋಷನೋ ಹೇಳಕ್ಕಾಗಲ್ಲ. ಮುಖ ನೋಡ್ಬೇಕು. ಮಗು ಗಂಡೋ ಹೆಣ್ಣೋ ಅಂತ ತಿಳಿದ ಅಜ್ಜಿಯರೂ ಹೀಗೇ ಕಿರುಚ್ತಿದ್ರು.”

ಮೇಡಂ ನಕ್ಕರು. “ಅದು ಪಂದ್ಯ ಗೆದ್ದ ಹುಡುಗಿ ಕಿರುಚಿದ್ದು. ಬರೀ ಕಿವಿಯಿಂದ ಹೇಳಕ್ಕಾಗಲ್ಲ ಅನ್ನೋದೇ ಸರಿಯಾದ ಉತ್ತರ. ಇವತ್ತು ಈ ಕೋಣೇಲಿ ಪಾಠ ಕಲಿತದ್ದು ನಾನು.”

ಕಾಲೇಜಿನ ಮೇಡಂ, ನಮ್ಮ ಅತ್ತಿಗೆಯ ಮುಂದೆ! ನನ್ನ ಎದೆ ಎಷ್ಟು ಉಬ್ಬಿತೆಂದರೆ ಬ್ಯಾಂಡೇಜಿನೊಳಗಿನ ನೋವು ಮರೆತುಹೋಯಿತು. “ನಮ್ಮ ಅತ್ತಿಗೆ! ನಮ್ಮಣ್ಣನ ಹೆಂಡ್ತಿ!” ಅಂತ ಕೋಣೆ ಅದುರುವಂತೆ ಕೂಗಿದೆ. ಅತ್ತಿಗೆ ಕಣ್ಣು ಬಿಡದೆ, “ಶೀಟು,” ಅಂದರು.

ಆಗಲೇ ಮೇಡಂ ಆ ಪುಸ್ತಕ ತಿರುವಿ ಹಾಕಿದ್ದು. “ಹಿಂದಿನ ಸಲ ಬೇರಿಂಗಿಗೆ ಎಳೆದದ್ದೂ ತಪ್ಪಲ್ಲ. ಒಣಗಿದ ಬೇರಿಂಗಿನಲ್ಲೂ ಇದೇ ಒರಟುತನ. ಇವರ ಕಿವಿ ಸರಿಯಾಗೇ ಕೆಲಸ ಮಾಡಿದೆ. ‘ಕಾರಣವಿಲ್ಲದೆ’ ಅಂತ ಬರೆದವರು ಯಾರು?”

ಎಲ್ಲರೂ ನನ್ನ ಬ್ಯಾಂಡೇಜು ನೋಡಿದರು. ಬಾಯಿಬಡುಕನಾದ ನನಗೆ ಆವತ್ತು ಗಂಟಲಿನಿಂದ ಒಂದು ಅಕ್ಷರ ಹೊರಡಲಿಲ್ಲ. ಮೇಡಂ ಪುಸ್ತಕ ಮುಚ್ಚಿ ಗಂಟೆ ಎಲ್ಲಿ ಕೂರಿಸಬೇಕು ಅನ್ನುವ ಮಾತಿಗೆ ಹೋದರು.

ಆ ಸಂಜೆ ಅತ್ತಿಗೆಯ ಜೊತೆ ಮನೆ ಕಡೆ ನಡೆಯುತ್ತಾ ನಾನೇ ಬಾಯಿಬಿಟ್ಟೆ. “ಅತ್ತಿಗೆ, ನಾನು ನಿಮಗೆ ಏನು ಮಾಡಿದ್ರೂ ಕಮ್ಮಿನೇ. ಏನು ಬೇಕು ಹೇಳಿ.”

“ಏನೂ ಬೇಡ. ಆ ಸಾಲು ತಿದ್ದು.”

“ಅಷ್ಟೇನಾ?”

“ಅಷ್ಟೇ. ಎಣ್ಣೆ ಹಾಕಿರಲಿಲ್ಲ, ಅದಕ್ಕೆ ಎಳೆದದ್ದು ಅಂತ ಬರಿ. ನಿನ್ನ ಕೈಯಲ್ಲೇ ಬರಿ.”

“ಕೈ ವಾಸಿಯಾಗ್ಲಿ, ಬರೀತೀನಿ,” ಅಂದೆ.

ಕೈ ವಾಸಿಯಾಯಿತು. ಉಳಿದ ಮೂರು ಬೆರಳಿನಲ್ಲಿ ಪೆನ್ನು ಹಿಡಿಯುವುದು ಕಲಿತೆ. ರಜಾ ಚೀಟಿ ಬರೆದೆ, ಯಾರ್ಯಾರದೋ ಮೇಲೆ ದೂರು ಬರೆದೆ. ಆ ಪುಸ್ತಕ ದಿನಾ ನನ್ನ ಕಣ್ಣ ಮುಂದೆಯೇ ಮೊಳೆಗೆ ನೇತಾಡುತ್ತಿತ್ತು. ಬರೆದರೆ ಎಣ್ಣೆ ಹಾಕದವನು ಯಾರು ಅಂತ ಕೇಳುತ್ತಾರೆ, ಮೇಸ್ತ್ರಿಗಿರಿಗೆ ಕುತ್ತು ಬರುತ್ತದೆ ಅಂತ ನಾಳೆ, ನಾಳಿದ್ದು ಅನ್ನುತ್ತಾ ದೂಡಿದೆ. ಎರಡು ವರ್ಷವಾದ ಮೇಲೆ ಆಫೀಸಿಗೆ ಕಂಪ್ಯೂಟರು ಬಂತು. ಪುಸ್ತಕದಲ್ಲಿದ್ದದ್ದನ್ನೆಲ್ಲ ಅದರೊಳಗೆ ತುಂಬಿದರು. ಪುಸ್ತಕ ರದ್ದಿಗೆ ಹೋಯಿತು, ಸಾಲು ಉಳಿಯಿತು. ಆಗ ಓಡಿದೆ. ಅಲ್ಲಿ ಕೂತಿದ್ದ ಹೆಂಗಸು ಪರದೆ ನೋಡುತ್ತಲೇ, “ಹಳೇದನ್ನ ತಿದ್ದಕ್ಕೆ ಇದರಲ್ಲಿ ಬರಲ್ಲ ಮೇಸ್ತ್ರಿ,” ಅಂದಳು. ಮಡಚುವ ಮೇಜಿನ ಮುಖ್ಯಸ್ಥೆಯ ಜಾಗ ಮೂರು ಸಲ ಖಾಲಿಯಾಯಿತು. ಮೂರು ಸಲವೂ ಮ್ಯಾನೇಜರು ಕಂಪ್ಯೂಟರಿನಲ್ಲಿ ಅತ್ತಿಗೆಯ ಹೆಸರು ಒತ್ತಿದರು, ಮೂರು ಸಲವೂ ಆ ಸಾಲು ಮೇಲೆದ್ದಿತು. ಎರಡನೆಯ ಸಲ ನಾನು ಮ್ಯಾನೇಜರ ಎದುರು ನಿಂತು ತಪ್ಪು ನನ್ನದು ಅಂತ ಬಾಯಲ್ಲಿ ಹೇಳಿದೆ. “ಅತ್ತಿಗೆ ಅಂತ ಹೇಳ್ತೀರ, ಬಿಡಿ,” ಅಂದರು. ಕೊನೆಗೆ ಮುಖ್ಯಸ್ಥೆಯ ಜಾಗ ಉದ್ದಜಡೆಗೆ ಹೋಯಿತು. ಅತ್ತಿಗೆ ಹತ್ತೊಂಬತ್ತು ವರ್ಷವೂ ಶೀಟು ಮಡಚಿದರು.

ಕಳೆದ ವಾರ ಅಣ್ಣನ ಮನೆಗೆ ಹೋಗಿದ್ದೆ. ಮತ್ತೆ ಆ ಹಲಗೆ ಕಣ್ಣಿಗೆ ಬಿತ್ತು. “ಇದನ್ನ ಕಿತ್ತು ಒಲೆಗೆ ಹಾಕಿ ಅತ್ತಿಗೆ! ಆ ಮ್ಯಾನೇಜರಿಗೆ ಒಂದು ನೆಟ್ಟಗಿನ ಸಾಲು ಬರೆಯೋ ಯೋಗ್ಯತೆ ಇಲ್ಲ!” ಅಂತ ಶುರುಮಾಡಿದೆ. ಅಣ್ಣ ನನ್ನ ಬಾಯಿ ಅಲ್ಲಾಡುವುದನ್ನು ನೋಡಿ ಅರ್ಥವಾದವನಂತೆ ತಲೆಯಾಡಿಸಿದ.

ಅತ್ತಿಗೆ ಬಟ್ಟೆ ಮಡಚುತ್ತಿದ್ದರು. ತಲೆಯೆತ್ತದೆ ಕೇಳಿದರು: “ನೀನು ಬರೆದ್ಯಾ?”

ನಾನು ಜೇಬಿನಿಂದ ಪೆನ್ನು ತೆಗೆದು, “ಈಗ ಒಂದು ಕಾಗದದ ಮೇಲೆ ಬರೆದು ಕೊಡ್ತೀನಿ ಅತ್ತಿಗೆ, ಸಹಿ ಹಾಕಿ,” ಅಂದೆ.

“ಕಾಗದ ತಗೊಂಡು ನಾನೇನು ಮಾಡ್ಲಿ? ಆ ಪುಸ್ತಕದಲ್ಲಿ ಬರೀಬೇಕಿತ್ತು.” ಶೀಟಿನ ಎರಡು ಮೂಲೆ ನನ್ನ ಕಡೆ ಚಾಚಿದರು. “ಹಿಡ್ಕೋ. ಹಾಗಂತ ಮಾಫಿ ಅಂದ್ಕೋಬೇಡ. ಬಾಕಿ ಬಾಕಿನೇ.”

ನಾನು ಮೂರು ಬೆರಳಿನ ಕೈಯಲ್ಲಿ ಒಂದು ಮೂಲೆ, ಐದು ಬೆರಳಿನ ಕೈಯಲ್ಲಿ ಇನ್ನೊಂದು ಮೂಲೆ ಹಿಡಿದೆ. ಅವರು ಎಳೆದರು. ಸುಕ್ಕು ಬಿಟ್ಟಿತು.